ಸಮಯವಾಯಿತೆಂದು ಹೇಳುವವರು

ಡೆವೆಂಟರ್, 12 ಏಪ್ರಿಲ್ 2018

ಪ್ರಿಯ ಡಾಕ್ಟರ್ ಫೋಲ್ಕರ್ಟ್ ಅವರಿಗೆ,

ಮಗಳ ಊರಿಗೆ ಬಂದು ಅರ್ಧ ವರ್ಷವಾಯಿತು. ಕೊನೆಗೂ ಇಲ್ಲಿನ ಫ್ಯಾಮಿಲಿ ಡಾಕ್ಟರನ್ನು ಕಂಡು ಬಂದೆ. ಚಿಕ್ಕ ಹುಡುಗಿ. ನಾನು ಒಳಗೆ ಹೋಗಿ ಕುಳಿತರೂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಬೌಮಾ ಮೇಡಂ, ಇವತ್ತು ಒಂದು ತೊಂದರೆ ಮಾತ್ರ ಹೇಳಿ. ಇನ್ನೊಂದಿದ್ರೆ ಬೇರೆ ದಿನ ಟೈಮ್ ತಗೊಳ್ಳಿ."

"ನಂಗಿರೋದೇ ಒಂದು ತೊಂದರೆ ಕಣಮ್ಮ, ಎಪ್ಪತ್ತೆಂಟು ವಯಸ್ಸು. ಅದಕ್ಕೆ ಹತ್ತು ನಿಮಿಷ ಸಾಕಾಗತ್ತಾ?" ಎಂದೆ.

ನಗಲಿಲ್ಲ. ಅದನ್ನೂ ಟೈಪ್ ಮಾಡಿಕೊಂಡಳೋ ಏನೋ.

ನಮ್ಮ ಪಟ್ಟಣದ ಆಸ್ಪತ್ರೆ ಮುಚ್ಚಿದಾಗ ನಾನು ಪತ್ರಿಕೆಗೆ ಬರೆದದ್ದು ನಿಮಗೆ ನೆನಪಿರಬೇಕು. "ಮೊದಲು ಹೆರಿಗೆ ವಾರ್ಡು ಹೋಗುತ್ತದೆ, ಆಮೇಲೆ ತುರ್ತು ಚಿಕಿತ್ಸೆ, ಕೊನೆಗೆ ಫ್ಯಾಮಿಲಿ ಡಾಕ್ಟರು" ಎಂದಿದ್ದೆ. ಮುದುಕಿಯ ಗೊಣಗಾಟವೆಂದು ಪಾರ್ಲಿಮೆಂಟಿನ ಸದಸ್ಯರೊಬ್ಬರು ಟೀವಿಯಲ್ಲಿ ಉತ್ತರ ಕೊಟ್ಟರು. ಅವರ ಹೆಸರು, ಅವರು ಅಂದು ಕಟ್ಟಿಕೊಂಡಿದ್ದ ಹಸಿರು ಟೈ, ಎರಡೂ ನನಗೆ ನೆನಪಿವೆ. ಮೂವತ್ತೆಂಟು ವರ್ಷ ಇತಿಹಾಸ ಕಲಿಸಿದವಳು ನಾನು. ಮರೆಯುವುದು ನನ್ನ ಕಸುಬಲ್ಲ.

ಫೆಬ್ರವರಿಯಲ್ಲಿ ಕುರಿ ಸಾಕುವ ಸಿಬ್ರೆನ್‌ನ ಮಣ್ಣಿಗೆಂದು ನಮ್ಮೂರು ರಿನ್ಸುಮ್‌ಗೆ ಬಂದಾಗ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೆ. ಆಗಲಿಲ್ಲ. ಅವನ ನೆರೆಮನೆಯವರೆಂದು ನೀವು ಹೆಗಲು ಕೊಟ್ಟಿದ್ದಿರಿ. ಚರ್ಚಿನ ಸುತ್ತ ಮೂರು ಸುತ್ತು ಮುಗಿಯುವಷ್ಟರಲ್ಲಿ ನನ್ನ ಮಂಡಿ ಸೋತು ಹೋಯಿತು. ಮೂಡಣ ಗಾಳಿ ಬೇರೆ ಕೊಯ್ಯುತ್ತಿತ್ತು. ಸತ್ತವರನ್ನು ಮೂರು ಸುತ್ತು ಹಾಕಿಸುವುದು ಅವರು ದಾರಿ ಮರೆಯಲಿ, ಮನೆಗೆ ವಾಪಸು ಬರದಿರಲಿ ಎಂದು ನನ್ನಜ್ಜಿ ಹೇಳುತ್ತಿದ್ದಳು. ನಡೆಯುವವರು ಬದುಕುಳಿದರೆ ಸಾಕು ಎಂದುಕೊಂಡೆ ಅವತ್ತು.

ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತೇನೆ. ಫೋನಿನಲ್ಲಿ ನನಗೆ ಕಿವಿ ಕೇಳಿಸುವುದಿಲ್ಲ. ಅಲ್ಲದೆ ಫೋನಿನಲ್ಲಿ ಸುಳ್ಳು ಹೇಳುವುದು ಬಹಳ ಸುಲಭ.

ನನ್ನ ತಾಯಿಗೆ ಅರಳುಮರಳು ಹಿಡಿದಾಗ ಅವಳಿಗೆ ನನ್ನಷ್ಟೇ ವಯಸ್ಸು. ಸೋಪನ್ನು ಚೀಸೆಂದು ಕಚ್ಚುತ್ತಿದ್ದಳು. "ಯಾರಮ್ಮ ನೀನು, ನಮ್ಮ ಮನೇಲಿ ಏನ್ ಮಾಡ್ತಿದೀಯ?" ಎಂದು ನನ್ನನ್ನೇ ಬಾಗಿಲಿಗೆ ತಳ್ಳುತ್ತಿದ್ದಳು. ಒಂಬತ್ತು ವರ್ಷ ಹಾಗೇ ಇದ್ದಳು. ನನಗೆ ಅದು ಬೇಡ. ನನ್ನ ಗಂಡ ಡರ್ಕ್‌ಗೆ ಉಸಿರು ಸಿಗದಾದಾಗ ಅವನು ಕೇಳಿಕೊಂಡ, ನೀವು ಬಂದಿರಿ, ಅವನ ಕೈ ಹಿಡಿದಿರಿ, ಅವನು ಅವನಾಗಿಯೇ ಹೋದ. ಆದರೆ ಅರಳುಮರಳಿನವರ ಪಾಡು ಹಾಗಲ್ಲ. ನಮ್ಮ ದೇಶದ ಕಾನೂನು ಒಪ್ಪುವ ದಯಾಮರಣವನ್ನು ಬುದ್ಧಿ ನೆಟ್ಟಗಿರುವಾಗಲೇ ಕೇಳಬೇಕು. ಸ್ವಲ್ಪ ತಡವಾದರೂ ಕೇಳುವವಳೇ ಇರುವುದಿಲ್ಲ. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗಲೇ ಹೇಳಬೇಕು ಎನ್ನುತ್ತಾರಲ್ಲ, ನನ್ನೊಳಗಿನ ಗಡಿಯಾರವನ್ನು ನಾನೇ ಹೇಗೆ ನೋಡಿಕೊಳ್ಳಲಿ?

ಅದನ್ನು ನೀವು ನೋಡಬೇಕು. ಮೂವತ್ತೊಂದು ವರ್ಷದಿಂದ ನನ್ನನ್ನು ಬಲ್ಲವರು ನೀವು. ನನ್ನ ಪತ್ರಗಳಲ್ಲಿ ನಾನು ಜಾರುವುದು ಕಂಡ ದಿನ ಮುಚ್ಚುಮರೆಯಿಲ್ಲದೆ ಬರೆಯಿರಿ. "ಹಿಸ್ಕೆ, ಸಮಯವಾಯಿತು" ಎಂದರೆ ಸಾಕು. ಮಾತು ಕೊಡುತ್ತೀರಾ?

ನಿಮ್ಮ,
ಹಿಸ್ಕೆ ಬೌಮಾ


ರಿನ್ಸುಮ್, 28 ಏಪ್ರಿಲ್ 2018

ಪ್ರಿಯ ಹಿಸ್ಕೆ ಟೀಚರ್,

ಮಾತು ಕೊಟ್ಟಿದ್ದೇನೆ. ಕೊಡುವಾಗ ಕೈ ತಣ್ಣಗಾಯಿತು, ಆದರೂ ಕೊಟ್ಟಿದ್ದೇನೆ.

ಆ ಹುಡುಗಿಯ ಮೇಲೆ ಅಷ್ಟು ಕೋಪ ಬೇಡ. ನಾನೂ ಮೊದಲ ವರ್ಷ ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ಆಮೇಲೆ ಕಾಯಿಲೆಯನ್ನು ಮನೆಗಳೇ ಕಲಿಸಿದವು. ಕಾಫಿ ಕೊಡುವಾಗ ಬಿಸ್ಕತ್ತಿನ ಡಬ್ಬಿ ತೆರೆಯಲು ಮರೆಯುವ ಹೆಂಗಸಿಗೆ ಎದೆಯಲ್ಲಿ ಏನೋ ಇದೆ. ಗಂಡನ ಹಾಸಿಗೆ ಕೆಳಗಿನ ಹಜಾರಕ್ಕೆ ಬಂದಿದ್ದರೆ ಅವನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ಮನೆಗೆ ಹೋಗುವ ಡಾಕ್ಟರಿಗೆ ಅರ್ಧ ರೋಗ ಅಡುಗೆಮನೆಯಲ್ಲೇ ಸಿಕ್ಕಿಬಿಡುತ್ತದೆ. ಇನ್ನರ್ಧ ಯಾರಿಗೂ ಸಿಗುವುದಿಲ್ಲ. ಆ ಅರ್ಧವನ್ನೇ ನಾವು ವಯಸ್ಸೆನ್ನುತ್ತೇವೆ.

ನನ್ನ ಜಾಗಕ್ಕೆ ಈ ವರ್ಷವೂ ಯಾರೂ ಬರಲಿಲ್ಲ. ಜಾಹೀರಾತು ನೋಡಿ ಇಬ್ಬರು ಬಂದರು. ಒಬ್ಬರ ಹೆಂಡತಿಗೆ ಗಾಳಿ ಹಿಡಿಸಲಿಲ್ಲ. ಇನ್ನೊಬ್ಬರು ಒಳ್ಳೆಯ ಊಟದಂಗಡಿ ಎಲ್ಲಿದೆ ಎಂದು ಕೇಳಿದರು, ಹೋದರು. ಹಾಗಾಗಿ ಅರವತ್ತೊಂಬತ್ತರ ನಾನೇ ಇದ್ದೇನೆ.

ಮೊನ್ನೆ ಸಮುದ್ರದ ಮಂಜು ಎಷ್ಟು ದಟ್ಟವಾಗಿ ಬಂತೆಂದರೆ, ಕಡಲ ಏರಿಯ ಮೇಲೆ ಕಾರು ನಿಲ್ಲಿಸಿ ಕುಳಿತೆ. ಎಡಕ್ಕೆ ತಿರುಗಿದರೆ ಮನೆಯೋ ಬಲಕ್ಕೋ ಗೊತ್ತಾಗಲಿಲ್ಲ. ಕುರಿಯೊಂದು ಹತ್ತಿರ ಬಂದು ನನ್ನನ್ನೇ ನೋಡುತ್ತ ನಿಂತಿತು. ಹೆದರಿದೆ ಎಂದರೆ ನಗಬೇಡಿ. ಮಂಜು ಅಷ್ಟಿತ್ತು.

ನಿಮ್ಮ,
ಫೋಲ್ಕರ್ಟ್ ವಿಯರ್ಡಾ


ರಿನ್ಸುಮ್, 9 ಜುಲೈ 2018

ಪ್ರಿಯ ಹಿಸ್ಕೆ ಟೀಚರ್,

ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮೆಯಿರಲಿ. ಸೆಖೆ ವಿಪರೀತ. ವಯಸ್ಸಾದವರ ಕಾಲೆಲ್ಲ ಊದಿಕೊಂಡಿವೆ.

ಮೊನ್ನೆ ಸಿಬ್ರೆನ್ ಕ್ಲಿನಿಕ್ಕಿಗೆ ಬಂದಿದ್ದ. ರಕ್ತದೊತ್ತಡ ಇನ್ನೂ ಜಾಸ್ತಿಯೇ ಇದೆ. "ಉಪ್ಪು ಬಿಡೋ ಮಾರಾಯ" ಎಂದರೆ, "ಕುರೀಗೆ ಉಪ್ಪು ಕೊಟ್ಟು ನಾನು ಸಪ್ಪೆ ತಿನ್ಬೇಕಾ ಡಾಕ್ಟ್ರೇ?" ಎನ್ನುತ್ತಾನೆ. ನಿಮ್ಮನ್ನು ವಿಚಾರಿಸಿದ. ನೀವು ಅವನಿಗೆ ಚರಿತ್ರೆಯಲ್ಲಿ ಕೊಟ್ಟ ಸೊನ್ನೆಯನ್ನು ಇನ್ನೂ ಮರೆತಿಲ್ಲವಂತೆ.

ನೀವು ಹೇಗಿದ್ದೀರಿ? ನಿಮ್ಮ ಕೈಬರಹ ಮೊದಲಿನಂತೆಯೇ ಇದೆ. ಒಳ್ಳೆಯದು.

ಫೋಲ್ಕರ್ಟ್


ಡೆವೆಂಟರ್, 13 ಜುಲೈ 2018

ಡಾಕ್ಟರ್,

ಇದು ಯಾವ ಬಗೆಯ ತಮಾಷೆ? ನನ್ನನ್ನು ಪರೀಕ್ಷಿಸಬೇಕಿದ್ದರೆ ನೇರವಾಗಿ ಪರೀಕ್ಷಿಸಿ, ಸತ್ತವರನ್ನು ಮುಂದಿಟ್ಟುಕೊಂಡು ಅಲ್ಲ.

ಸಿಬ್ರೆನ್ ಫೆಬ್ರವರಿಯಲ್ಲಿ ತೀರಿಕೊಂಡ. ನಾನೇ ರೈಲು, ಬಸ್ಸು ಹಿಡಿದು ಬಂದೆ. ಮೂರು ಸುತ್ತು ನಡೆದೆ. ಆಮೇಲೆ ಊರಿನ ಸಭಾಂಗಣದಲ್ಲಿ ಕಾಫಿ, ಸಕ್ಕರೆ ಬ್ರೆಡ್ಡು ಕೊಟ್ಟರು. ಅವನ ಹೆಂಡತಿ ಬೌಕೆ ನನ್ನ ಪಕ್ಕ ಕೂತು, "ಹಿಸ್ಕೆ, ಇನ್ನು ಕುರಿಗಳನ್ನ ಯಾರು ಬೈತಾರೆ?" ಎಂದಳು. ಸೊನ್ನೆಯ ಕಥೆ ನಿಜ. ಅದೇ ಕಥೆಯನ್ನು ಪಾದ್ರಿ ಅಲ್ಲಿ ಹೇಳಿದ್ದರು, ಎಲ್ಲರೂ ನಕ್ಕಿದ್ದರು.

ದಯವಿಟ್ಟು ಕೂಡಲೇ ಉತ್ತರಿಸಿ.

ಹಿಸ್ಕೆ


ರಿನ್ಸುಮ್, 20 ಜುಲೈ 2018

ಪ್ರಿಯ ಹಿಸ್ಕೆ ಟೀಚರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಹೆದರಬೇಡಿ. ನೀವು ಬಂದದ್ದು ಸಿಬ್ರೆನ್‌ನ ಅಣ್ಣ ಗೋಸೆಯ ಮಣ್ಣಿಗೆ. ಗಾಳಿ, ಮೂರು ಸುತ್ತು, ಸಕ್ಕರೆ ಬ್ರೆಡ್ಡು, ಎಲ್ಲ ಸರಿಯಾಗಿಯೇ ನೆನಪಿಟ್ಟಿದ್ದೀರಿ. ಮನುಷ್ಯನೊಬ್ಬ ಮಾತ್ರ ಬದಲಾಗಿದ್ದಾನೆ. ಅಣ್ಣತಮ್ಮಂದಿರ ಮುಖ ಒಂದೇ, ದನಿ ಒಂದೇ. ಈ ವಯಸ್ಸಿನಲ್ಲಿ ಮನಸ್ಸು ಹಾಗೆ ಅದಲುಬದಲು ಮಾಡುತ್ತದೆ. ಬೇಕಾದಷ್ಟು ಜನರಲ್ಲಿ ನೋಡಿದ್ದೇನೆ. ಸಣ್ಣ ಪುಟ್ಟ ವಿವರಗಳೆಲ್ಲ ಸ್ಪಷ್ಟವಾಗಿರುತ್ತವೆ, ನಡುವಿನ ಒಂದು ಹೆಸರು ಮಾತ್ರ ತಪ್ಪು. ಅದಕ್ಕೇ ಅವರು ಅಷ್ಟು ಖಚಿತವಾಗಿ ವಾದಿಸುವುದು.

ಇಂಥ ಬೇರೆ ಘಟನೆಗಳಿವೆಯೇ? ವಸ್ತು ಎಲ್ಲಿಟ್ಟೆನೆಂದು ಹುಡುಕುವುದು, ಒಂದೇ ಮಾತನ್ನು ಎರಡು ಸಲ ಹೇಳುವುದು? ಒಂದು ಹಾಳೆಯ ಮೇಲೆ ಗಡಿಯಾರದ ಮುಖ ಬರೆದು ನೋಡಿ. ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಡಿ. ಅವಸರವಿಲ್ಲ. ನಾನಿದ್ದೇನೆ.

ಫೋಲ್ಕರ್ಟ್


ಡೆವೆಂಟರ್, 30 ಆಗಸ್ಟ್ 2018

ಪ್ರಿಯ ಡಾಕ್ಟರ್,

ಆರು ವಾರ ಪೆನ್ನು ಮುಟ್ಟಲಾಗಲಿಲ್ಲ.

ಗಡಿಯಾರ ಬರೆದೆ. ಸರಿಯಾಗಿಯೇ ಬಂತು. ನಂಬಿಕೆಯಾಗದೆ ಮತ್ತೆ ಬರೆದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ಬರೆಯುತ್ತೇನೆ. ಮನೆ ತುಂಬ ಹತ್ತು ಗಂಟೆ ಹತ್ತು ನಿಮಿಷವಾಗಿದೆ.

ಇಲ್ಲಿನ ಡಾಕ್ಟರಮ್ಮನ ಬಳಿ ಹೋಗಿದ್ದೆ. ಈ ಸಲ ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ ಕೂರಿಸಿಕೊಂಡಳು. ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ, ಈ ಐದು ಪದ ನೆನಪಿಟ್ಟುಕೊಳ್ಳಿ. ಕೊನೆಗೆ, "ಮೇಡಂ, ನನಗಿಂತ ನೀವೇ ವಾಸಿ. ಏನೂ ತೊಂದರೆ ಕಾಣಿಸ್ತಿಲ್ಲ," ಎಂದಳು.

"ಸತ್ತಿಲ್ಲದೋನನ್ನ ನಾನು ಹೂತು ಬಂದಿದೀನಿ ಕಣಮ್ಮ. ಅದಕ್ಕೆ ನಿನ್ನ ಪರೀಕ್ಷೇಲಿ ಪ್ರಶ್ನೆ ಇದೆಯಾ?"

ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. "ಆ ವಿಷ್ಯ ಬೇರೆ ಯಾರ ಹತ್ರಾನಾದ್ರೂ ಕೇಳಿ ನೋಡಿದ್ರಾ?" ಎಂದಳು. ನಾನು ಎದ್ದು ಬಂದೆ. ಅವಳಿಗೇನು ಗೊತ್ತು? ಅವಳು ನೋಡಿದ್ದು ಮುಕ್ಕಾಲು ಗಂಟೆಯ ನನ್ನನ್ನು. ನೀವು ನೋಡಿದ್ದು ಮೂವತ್ತೊಂದು ವರ್ಷದ ನನ್ನನ್ನು.

ಯಾರನ್ನು ಕೇಳಲಿ? ಬೌಕೆಗೆ ಫೋನು ಮಾಡಿ, "ನಿನ್ನ ಗಂಡ ಇದ್ದಾನೋ ಸತ್ತನೋ" ಎಂದು ಕೇಳುವುದೇ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಹಿಸ್ಕೆ ಟೀಚರಿಗೆ ತಲೆ ಹೋಯಿತೆಂದು. ಮಗಳನ್ನು ಸುತ್ತು ಬಳಸಿ ಕೇಳಿದೆ.

"ನಿಂಕೆ, ನಾನು ಫೆಬ್ರವರೀಲಿ ಮಣ್ಣಿಗೆ ಅಂತ ಹೋಗಿದ್ನಲ್ಲ, ಯಾರದ್ದೇ ಅದು?"

"ಕುರಿಯವರದ್ದಲ್ವಾಮ್ಮ? ಅಣ್ಣನೋ ತಮ್ಮನೋ, ನಂಗೆ ಅವರಿಬ್ರೂ ಒಂದೇ. ನಾನಾಗ ಸ್ಪೇನಲ್ಲಿದ್ದೆ. ಯಾಕೆ?"

"ಸುಮ್ನೆ."

ಅಣ್ಣನೋ ತಮ್ಮನೋ. ನೋಡಿ.

ಕಪಾಟಿನ ಬಾಗಿಲುಗಳ ಮೇಲೆ ಚೀಟಿ ಅಂಟಿಸಿದ್ದೇನೆ. ನಿಂಕೆ ಬರುವ ದಿನ ಕಿತ್ತು ಹಾಕುತ್ತೇನೆ. ನಿದ್ದೆಯಿಲ್ಲ. ನನಗೆ ಬಾಯಿಪಾಠ ಬರುವ ನೂರಾರು ಯುದ್ಧ, ಒಪ್ಪಂದ, ತಾರೀಖುಗಳನ್ನು ಮಲಗಿಕೊಂಡು ಒಪ್ಪಿಸುತ್ತೇನೆ. ಎಲ್ಲ ಸರಿಯಾಗಿ ಬರುತ್ತದೆ, ಅದೇ ಹೆದರಿಕೆ. ನೀವೇ ಹೇಳಿದಿರಲ್ಲ, ತಪ್ಪು ಖಚಿತವಾಗಿರುತ್ತದೆ ಎಂದು. ಹಾಗಾದರೆ ನನಗೆ ಖಚಿತವಾಗಿರುವ ಯಾವುದನ್ನು ನಂಬಲಿ? ಡರ್ಕ್ ಸತ್ತದ್ದು ನಿಜವೇ?

ಮಾತು ಕೊಟ್ಟಿದ್ದೀರಿ. ಹೇಳಿ, ಸಮಯವಾಯಿತೇ?

ಹಿಸ್ಕೆ


ರಿನ್ಸುಮ್, 15 ಸೆಪ್ಟೆಂಬರ್ 2018

ಪ್ರಿಯ ಹಿಸ್ಕೆ,

ಡರ್ಕ್ ಸತ್ತದ್ದು ನಿಜ. ನಾನಿದ್ದೆ.

ಉಳಿದದ್ದಕ್ಕೂ ಉತ್ತರಿಸುತ್ತೇನೆ, ಮಾತು ಮಾತೇ. ಹೌದು, ಸಮಯವಾಗುತ್ತಿದೆ. ನಾಳೆಯೇ ಎಂದಲ್ಲ. ಆದರೆ ನೀವು ನಿಮ್ಮ ಬಾಯಿಂದ ಕೇಳಬಲ್ಲ ದಿನಗಳು ಮುಗಿಯುತ್ತ ಬಂದಿವೆ ಎಂದು ನನ್ನ ಅಂದಾಜು. ಅಲ್ಲಿನ ಡಾಕ್ಟರಿಗೆ ಹೇಳುವುದು ಬೇಡ, ಅವರು ನಿಮ್ಮನ್ನು ಅರಿಯರು. ನಾನೇ ಮಾಡುತ್ತೇನೆ. ಕಾನೂನಿನಂತೆ ನಿಮ್ಮನ್ನು ನೋಡಲು ಇನ್ನೊಬ್ಬ ಡಾಕ್ಟರನ್ನು ಗೊತ್ತು ಮಾಡುತ್ತೇನೆ. ಅಕ್ಟೋಬರಿನಲ್ಲಿ ಮಾತಾಡೋಣ.

ಇದನ್ನು ಮಾಡುವ ದಿನ ನಾನು ಊಟ ಮಾಡುವುದಿಲ್ಲ. ಕ್ಲಿನಿಕ್ಕು ಮುಚ್ಚಿರುತ್ತೇನೆ. ಔಷಧಿಯನ್ನು ಇಂಜೆಕ್ಷನ್ನಿಗೆ ತುಂಬಿ ಹೆಸರು ಓದಿ, ಮತ್ತೆ ಓದಿ, ಮತ್ತೂ ಓದಿ ಹೊರಡುತ್ತೇನೆ. ದಾರಿಯಲ್ಲಿ ಕಾರು ಕೆಟ್ಟು ನಿಲ್ಲಲಿ ಎಂದು ಬೇಡಿಕೊಳ್ಳುತ್ತೇನೆ. ಅದು ಕೆಡುವುದಿಲ್ಲ. ಕಾಯಿಲೆಗೆ ಹೆದರದ ಡಾಕ್ಟರಿದ್ದಾನೆ, ಸಾವಿಗೆ ಹೆದರದವನೂ ಇರಬಹುದು. ತನ್ನ ಕೈಗೆ ಹೆದರದವನನ್ನು ನಾನು ನೋಡಿಲ್ಲ.

ಇಲ್ಲಿ ಮಂಜು. ಮೊನ್ನೆ ಎಷ್ಟು ದಟ್ಟವಾಗಿ ಬಂತೆಂದರೆ, ಏರಿಯ ಮೇಲೆ ಕಾರು ನಿಲ್ಲಿಸಿ ಕುಳಿತೆ. ಎಡಕ್ಕೆ ತಿರುಗಿದರೆ ಮನೆಯೋ ಬಲಕ್ಕೋ ಗೊತ್ತಾಗಲಿಲ್ಲ. ಕುರಿಯೊಂದು ಬಂದು ನನ್ನನ್ನೇ ನೋಡುತ್ತ ನಿಂತಿತು. ನಗಬೇಡಿ.

ಫೋಲ್ಕರ್ಟ್


ಡೆವೆಂಟರ್, 24 ಸೆಪ್ಟೆಂಬರ್ 2018

ಪ್ರಿಯ ಡಾಕ್ಟರ್,

ನಿಂಕೆಗೆ ಹೇಳಿದೆ. ಆಲೂಗಡ್ಡೆ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು.

"ಡಾಕ್ಟ್ರು ಏನೂ ಇಲ್ಲ ಅಂದ್ರಲ್ಲಮ್ಮ!"

"ಇಲ್ಲಿಯೋಳು ಹಾಗಂದ್ಲು. ಫೋಲ್ಕರ್ಟ್ ಹಾಗನ್ನಲ್ಲ."

"ಅವರೇನು ದೇವರಾ? ಏಳು ತಿಂಗಳಿಂದ ನಿನ್ನ ಮುಖ ನೋಡಿಲ್ಲ ಅವರು!"

"ಬರ್ದಿದ್ದನ್ನ ನೋಡ್ತಾರೆ. ಮುಖಕ್ಕಿಂತ ಅದು ವಾಸಿ."

"ಪೇಪರ್‌ನೋರು, ಪಾರ್ಲಿಮೆಂಟು, ಟ್ಯಾಕ್ಸು, ಯಾರನ್ನೂ ನಂಬಲ್ಲ ನೀನು. ಈ ಒಬ್ಬರು ಸಾಯಿ ಅಂದ್ರೆ ಸಾಯ್ತೀಯಾ?" ಎಂದವಳೇ ಅಳುತ್ತಾ ಹೋದಳು. ಆಲೂಗಡ್ಡೆ ಕಪ್ಪಗಾಗುವವರೆಗೂ ನಾನು ಅಲ್ಲೇ ಕೂತಿದ್ದೆ.

ನಿಮ್ಮ ಮಂಜಿನ ಮಾತನ್ನು ಹಿಂದೆ ಎಲ್ಲೋ ಓದಿದಂತೆನಿಸಿತು, ಆ ಕುರಿಯ ಸಮೇತ. ಇದೂ ಒಂದು ಲಕ್ಷಣವೇ? ಇಂದು ಆದದ್ದು ಹಿಂದೆಯೇ ಆಗಿತ್ತು ಎನಿಸುವುದು? ನಿಮ್ಮ ಹಳೆಯ ಪತ್ರಗಳು ಮೇಜಿನ ಖಾನೆಯಲ್ಲೇ ಇವೆ. ತೆಗೆದು ನೋಡಲು ಧೈರ್ಯ ಬರಲಿಲ್ಲ. ಇಲ್ಲದ್ದನ್ನು ಓದಿದ್ದೆನೆಂದು ತಿಳಿದರೆ ಆಮೇಲೆ ನನ್ನ ಹತ್ತಿರ ಉಳಿಯುವುದೇನು?

ಡರ್ಕ್‌ನ ಸಮಾಧಿಗೆ ಒಂದು ಸಲ ಬರಬೇಕು. ಅಕ್ಟೋಬರ್ ಮೊದಲ ವಾರ ಬರುತ್ತೇನೆ. ಅಲ್ಲೇ ನಿಮ್ಮೆದುರು ನನ್ನ ಬಾಯಿಂದ ಕೇಳಿಕೊಳ್ಳುತ್ತೇನೆ.

ಹಿಸ್ಕೆ


ರಿನ್ಸುಮ್, ಊರಿನ ಹೋಟೆಲು, 6 ಅಕ್ಟೋಬರ್ 2018

ಫೋಲ್ಕರ್ಟ್,

ಈ ಪತ್ರವನ್ನು ನಾನೇ ನಿನ್ನ ಬಾಗಿಲಿನ ಸಂದಿಯಿಂದ ಹಾಕುತ್ತೇನೆ. ಇನ್ನು ನೀವು, ಡಾಕ್ಟರು ಎಂದು ಬರೆಯಲಾರೆ. ನಿನಗಿಂತ ಒಂಬತ್ತು ವರ್ಷ ದೊಡ್ಡವಳು, ಅಕ್ಕನ ಹಾಗೆ ಬರೆಯುತ್ತೇನೆ. ಕುಳಿತುಕೊಂಡು ಓದು.

ಬೆಳಿಗ್ಗೆ ಡರ್ಕ್‌ನ ಸಮಾಧಿಗೆ ಹೋದೆ. ಅವನ ಎದುರು ಸಾಲಿನಲ್ಲಿ ಒಂದು ಹೊಸ ಕಲ್ಲು. ಸಿಬ್ರೆನ್ ಹೈಮಾ, ಫೆಬ್ರವರಿ 2018. ಕಲ್ಲಿನ ಮೇಲೆ ಒಂದು ಟಗರು ಕೆತ್ತಿದ್ದಾರೆ.

ಬೆರಳಿಟ್ಟು ಓದಿದೆ. ಕಣ್ಣನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿಂದಿನಿಂದ ಬೌಕೆ ಬಂದಳು, ಕೈಯಲ್ಲಿ ನೀರಿನ ಕ್ಯಾನು.

"ಅಯ್ಯೋ ಹಿಸ್ಕೆ! ಬರ್ತೀನಿ ಅಂತ ಹೇಳೋದಲ್ವಾ?"

"ಬೌಕೆ," ಎಂದೆ, "ಇಲ್ಲಿ ಒಳಗಿರೋದು ಯಾರು?"

"ಯಾರು ಅಂದ್ರೆ? ನನ್ ಯಜಮಾನ್ರು. ಮೂರು ಸುತ್ತು ನಡ್ಕೊಂಡು ಬಂದು ಮಣ್ಣು ಹಾಕಿದ್ದು ನೀನೇ ಅಲ್ವಾ?"

"ಗೋಸೆ?"

"ಆ ಸೋಮಾರೀನಾ? ಟೀವಿ ಮುಂದೆ ಕೂತಿದಾನೆ. ಅವ್ನು ಸಾಯಕ್ಕೂ ಏಳಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳು ಗಾಬರಿಯಾದಳು. ಎಲ್ಲ ಹೇಳಿದೆ. ನೀನು ಬರೆದದ್ದು, ಗಡಿಯಾರಗಳು, ಚೀಟಿಗಳು, ನಾನು ಈ ಊರಿಗೆ ಏನು ಕೇಳಿಕೊಳ್ಳಲು ಬಂದೆನೆಂಬುದು. ಅವಳ ಮುಖ ಬಿಳಿಚಿಕೊಂಡಿತು, ಆದರೆ ಆಶ್ಚರ್ಯವಾಗಲಿಲ್ಲ ಫೋಲ್ಕರ್ಟ್. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಮೇ ತಿಂಗಳಿಂದ ಡಾಕ್ಟ್ರು ಬೇಲಿ ಹತ್ರ ನಿಂತು ಕೇಳ್ತಾರೆ, ಸಿಬ್ರೆನ್ ಎಲ್ಲಿ ಅಂತ. ಮೊದಲ್ನೇ ಸಲ ಹೇಳ್ದೆ. ಪಾಪ, ಆಗಷ್ಟೇ ಕೇಳಿದೋರ ಥರ ಅತ್ತುಬಿಟ್ರು. ಹೆಗಲು ಕೊಟ್ಟ ಮನುಷ್ಯ! ಈಗ, ಏರಿ ಮೇಲೆ ಹೋಗಿದಾನೆ ಡಾಕ್ಟ್ರೇ, ಅಂತೀನಿ."

"ಊರಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಕ್ಲಿನಿಕ್ಕಲ್ಲಿ ಕೆಲಸಕ್ಕಿರೋ ಹುಡುಗಿ ಔಷಧಿ ಚೀಟಿಗಳನ್ನೆಲ್ಲ ಇನ್ನೊಂದ್ಸಲ ನೋಡಿ ಕಳಿಸ್ತಾಳೆ. ಒಂದು ಸಲ ಮಗೂಗೆ ದೊಡ್ಡೋರ ಡೋಸು ಬರೆದಿದ್ರು, ಹಿಡಿದ್ಲು. ಯಾರಿಗೂ ಏನೂ ಆಗಿಲ್ವಲ್ಲ. ಇವ್ರು ಹೋದ್ರೆ ಬೇರೆ ಯಾರು ಬರ್ತಾರೆ ಹಿಸ್ಕೆ? ಬಾಗ್ಲು ಮುಚ್ತಾರೆ ಅಷ್ಟೇ. ನನ್ ಎದೆ ನೋವಿಗೆ ನಾನು ಎಲ್ಲಿಗೆ ಓಡ್ಲಿ?"

ಅವಳಿಗೆ ಬೈದೆ. ಸಮಾಧಿಗಳ ನಡುವೆ ನಿಂತು, ನನ್ನ ಜೀವಮಾನದಲ್ಲಿ ಯಾವ ಮಂತ್ರಿಗೂ ಬೈಯದ ಹಾಗೆ ಬೈದೆ. ಒಬ್ಬ ಡಾಕ್ಟರನ್ನು ಉಳಿಸಿಕೊಳ್ಳಲು ಒಬ್ಬ ಮನುಷ್ಯನನ್ನು ಕೊಳೆಯಲು ಬಿಟ್ಟಿದ್ದೀರಿ ಎಂದೆ. ಮರುಕವೆಂದು ಹೆಸರಿಟ್ಟುಕೊಂಡು ಮೌನದ ಬೇಲಿ ಕಟ್ಟಿದ್ದೀರಿ ಎಂದೆ. ಈ ಊರಿನವರು ಯುದ್ಧಕಾಲದಲ್ಲೂ ಹೀಗೆಯೇ, ಸೈನಿಕರು ಜನರನ್ನು ಎಳೆದೊಯ್ದ ನೆರೆಮನೆಯ ಖಾಲಿ ಕಿಟಕಿ ನೋಡಿ ಸುಮ್ಮನಿದ್ದರು ಎಂದೆ. ಆ ಮಾತು ಹೆಚ್ಚಾಯಿತು. ಬೌಕೆ ಅಳುತ್ತಾ ಹೋದಳು.

ಆಮೇಲೆ ನಿನ್ನ ಮನೆಗೆ ಬಂದೆ. ಎಲ್ಲವನ್ನೂ ನಿನ್ನ ಮುಖಕ್ಕೆ ಹೇಳಲೆಂದೇ ಬಂದೆ. ನೀನು ಬಾಗಿಲು ತೆಗೆದು ಎಷ್ಟು ಸಂತೋಷದಿಂದ ನನ್ನ ಎರಡೂ ಕೈ ಹಿಡಿದೆ! ನೀನು ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೆ. "ಬನ್ನಿ ಬನ್ನಿ ಟೀಚರ್. ಡರ್ಕ್ ಬರ್ಲಿಲ್ವಾ? ಉಸಿರಾಟ ಈಗ ಹೇಗಿದೆ ಅವನಿಗೆ?" ಎಂದೆ.

ನಾನು ಏನೆಂದೆ ಗೊತ್ತೇ? "ಚೆನ್ನಾಗಿದಾರೆ ಡಾಕ್ಟ್ರೇ" ಎಂದೆ.

ಬೌಕೆಗೆ ಬೈದು ಅರ್ಧ ಗಂಟೆಯೂ ಆಗಿರಲಿಲ್ಲ. ನಿನ್ನ ಕಾಫಿ ಕುಡಿದೆ. ನೀನು ಸಿಬ್ರೆನ್‌ನ ಉಪ್ಪಿನ ಕಥೆ ಹೇಳಿದೆ, ನಾನು ನಕ್ಕೆ. ಹೋಟೆಲಿಗೆ ಬಂದ ಕೂಡಲೇ ಕಾಗದ ಕೇಳಿ ಪಡೆದೆ.

ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಬುದ್ಧಿ ಸರಿಯಿದೆ. ನಾನು ಏನನ್ನೂ ಕೇಳಿಕೊಳ್ಳುವುದಿಲ್ಲ, ನಾನು ಬದುಕುತ್ತೇನೆ. ಜಾರುತ್ತಿರುವವನು ನೀನು. ನೀನು ನನ್ನಿಂದ ಮಾತು ಕೇಳಿರಲಿಲ್ಲ, ಆದರೂ ನಾನು ಹೇಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ. ಫೋಲ್ಕರ್ಟ್, ಸಮಯವಾಯಿತು. ಕ್ಲಿನಿಕ್ಕು ನಿಲ್ಲಿಸು. ಪಟ್ಟಣದ ಆಸ್ಪತ್ರೆಗೆ ಹೋಗಿ ತೋರಿಸಿಕೋ. ಕಾರಿನ ಬೀಗದ ಕೈಯನ್ನು ಬೌಕೆಗೆ ಕೊಡು. ನಿನಗೇನು ಬೇಕೆಂದು ಇನ್ನೂ ತಿಳಿಯುವಾಗಲೇ ಹೇಳು.

ಈ ಪತ್ರವನ್ನು ಮೇಜಿನ ಮೇಲೆ, ಕಾಣುವಂತೆ ಇಡು.

ಹಿಸ್ಕೆ


ರಿನ್ಸುಮ್, 2 ನವೆಂಬರ್ 2018

ಹಿಸ್ಕೆ,

ಇಂದು ಬೆಳಕಿನ ದಿನ. ಇಂಥವು ಇನ್ನೂ ಬರುತ್ತವೆ. ಬಂದಾಗ ಬೇಗ ಬೇಗ ಬರೆಯಬೇಕು.

ನಿಮ್ಮ ಪತ್ರ ಮೇಜಿನ ಮೇಲಿದೆ. ಪ್ರತಿ ಬೆಳಿಗ್ಗೆ ಓದುತ್ತೇನೆ, ಪ್ರತಿ ಬೆಳಿಗ್ಗೆ ಹೊಸದಾಗಿ ಎದೆ ಒಡೆಯುತ್ತದೆ. ಅದು ಬೇಕು. ಓದಿದ ಮೊದಲ ದಿನವೇ ಕ್ಲಿನಿಕ್ಕಿನ ಹುಡುಗಿಗೆ, "ಇನ್ನು ಸಾಕು" ಎಂದೆ. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ಎಷ್ಟು ದಿನದಿಂದ ಹೊತ್ತಿದ್ದಳೋ. ಈಗ ರೋಗಿಗಳನ್ನೆಲ್ಲ ಪಟ್ಟಣಕ್ಕೆ ಕಳಿಸುತ್ತಿದ್ದಾರೆ. ನನ್ನನ್ನೂ ಕಳಿಸಿದರು. ತಲೆಯ ಚಿತ್ರ ತೆಗೆದರು. ಡಾಕ್ಟರು ಮೃದುವಾಗಿ ಮಾತಾಡಿದರು. ನಾನು ಹೇಗೆ ಮಾತಾಡುತ್ತಿದ್ದೆನೋ ಹಾಗೆಯೇ.

ನನಗೆ ಮೊದಲೇ ಗೊತ್ತಿತ್ತೇ ಎಂದು ನೀವು ಕೇಳಲಿಲ್ಲ. ಗೊತ್ತಿತ್ತು. ಹೋದ ವರ್ಷದ ಶರತ್ಕಾಲದಿಂದ. ಆ ಏರಿಯ ಮೇಲೆ ಮಂಜೇ ಇರಲಿಲ್ಲ ಹಿಸ್ಕೆ. ಸೂರ್ಯ ಸುಡುತ್ತಿದ್ದ. ಮನೆಯ ಹೆಂಚು ಕಾಣುತ್ತಿತ್ತು. ಅದು ಯಾರ ಮನೆಯೆಂದು ಮಾತ್ರ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಸಮಾಧಿ ನೋಡಿದೆ. ಸಿಬ್ರೆನ್ ಸತ್ತದ್ದು, ನಾನು ನಿಮಗೆ ಬರೆದದ್ದು, ಎಲ್ಲ ಒಟ್ಟಿಗೆ ಹೊಳೆಯಿತು. ಓಡಿ ಬಂದು ಕುಳಿತು ನಿಮಗೆ ಬರೆದೆ, "ತಪ್ಪು ನನ್ನದು, ನಿಮ್ಮದಲ್ಲ" ಎಂದು. ಅಂಚೆಗೆ ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಬರೆದೆನೋ, ಬರೆಯಬೇಕೆಂದುಕೊಂಡೆನೋ ಅದೂ ಗೊತ್ತಿಲ್ಲ. ನಿಮಗೆ ಬಂತೇ? ಬಂದಿರಲಿಕ್ಕಿಲ್ಲ. ಅದರ ನಂತರವೇ ಅಲ್ಲವೇ ನಾನು ನಿಮಗೆ ಸಮಯವಾಯಿತೆಂದು ಬರೆದದ್ದು. ನೀವು ಆ ಕಲ್ಲನ್ನು ನೋಡದಿದ್ದರೆ ಇಂಜೆಕ್ಷನ್ ತುಂಬಿಕೊಂಡು ನಿಮ್ಮ ಮನೆಗೆ ಬರುತ್ತಿದ್ದೆ. ಹೆಸರು ಓದಿ, ಮತ್ತೆ ಓದಿ.

ದಯಾಮರಣದ ಬಗ್ಗೆ ಇನ್ನೂ ಬಾಯಿಬಿಟ್ಟು ಕೇಳಿಲ್ಲ. ಪಟ್ಟಣದ ಡಾಕ್ಟರು ನನ್ನ ಮಾತಿಗೆ ಕಾದಿದ್ದಾರೆ. ನಾಳೆ ಕೇಳೋಣವೆನಿಸುತ್ತದೆ. ಬೆಳಿಗ್ಗೆ ಕಿಟಕಿಯಾಚೆ ಹುಲ್ಲು ಒದ್ದೆಯಾಗಿರುತ್ತದೆ, ಬೌಕೆ ಕುರಿಗಳನ್ನು ಬೈಯುತ್ತಿರುತ್ತಾಳೆ, ಇನ್ನೊಂದು ದಿನ ಇರೋಣವೆನಿಸುತ್ತದೆ. ಎಲ್ಲರೂ ಹೀಗೆಯೇ ಹೇಳುತ್ತಿದ್ದರು. ತಡಮಾಡಬೇಡಿ ಎನ್ನುತ್ತಿದ್ದೆ ನಾನು, ಎಷ್ಟು ಸಲೀಸಾಗಿ!

ಒಂದು ವಿಷಯ ಕಂಡುಕೊಂಡಿದ್ದೇನೆ. ಮರೆತಿರುವಾಗ ನನಗೆ ಭಯವಿರುವುದಿಲ್ಲ. ಬೌಕೆ ಹೇಳುತ್ತಾಳೆ, ಆ ದಿನಗಳಲ್ಲಿ ಹಾಡುತ್ತಿರುತ್ತೇನಂತೆ. ಭಯವಾಗುವುದು ನಾನು ನಾನಾಗಿರುವಾಗ ಮಾತ್ರ. ಹಾಗಾಗಿ ನನ್ನ ಪತ್ರಗಳಲ್ಲಿ ಭಯವನ್ನು ಹುಡುಕಿ. ಅದು ಇರುವವರೆಗೆ ಕೇಳಬೇಕಾದವನು ಇದ್ದಾನೆ.

ಈಗ ತುಂಬ ಭಯವಾಗುತ್ತಿದೆ.

ಫೋಲ್ಕರ್ಟ್


ಡೆವೆಂಟರ್, 6 ನವೆಂಬರ್ 2018

ಫೋಲ್ಕರ್ಟ್,

ಆಗಸ್ಟಿನ ಪತ್ರ ನನಗೆ ಬರಲಿಲ್ಲ. ನೀನು ಬರೆದಿದ್ದೆ ಎಂದೇ ಇಟ್ಟುಕೊಳ್ಳುತ್ತೇನೆ.

ಕೇಳುವುದಿದ್ದರೆ ಈಗಲೇ ಕೇಳು, ಕೇಳುವುದು ಬೇಡವೆಂದರೆ ಅದನ್ನೂ ಈಗಲೇ ಹೇಳು. ಎರಡರಲ್ಲಿ ಯಾವುದಾದರೂ ನಿನ್ನ ಪಕ್ಕ ಕೂರುತ್ತೇನೆ. ಮೂರನೆಯದು ನಿನ್ನನ್ನು ಕೇಳದೆ ತಾನಾಗಿ ಬರುತ್ತದೆ. ಅದಕ್ಕೆ ಅವಕಾಶ ಕೊಡಬೇಡ.

ಉತ್ತರ ಬರೆ.

ಹಿಸ್ಕೆ


ಡೆವೆಂಟರ್, 21 ನವೆಂಬರ್ 2018

ಫೋಲ್ಕರ್ಟ್, ಉತ್ತರ ಬರಲಿಲ್ಲ. ಒಂದು ಸಾಲಾದರೂ ಬರೆ.

ಹಿಸ್ಕೆ


ರಿನ್ಸುಮ್, ಡಿಸೆಂಬರ್

ಪ್ರಿಯ ಹಿಸ್ಕೆ ಟೀಚರ್,

ಇಲ್ಲಿ ಎಲ್ಲ ಸೊಗಸಾಗಿದೆ. ಚಳಿ ಬಿದ್ದಿದೆ, ಈ ಸಲ ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆಂದು ಎಲ್ಲರೂ ಹೇಳುತ್ತಿದ್ದಾರೆ. ಪಕ್ಕದ ಮನೆಯ ಹೆಂಗಸು ಬಹಳ ಒಳ್ಳೆಯವಳು, ದಿನಾ ಸೂಪು ತಂದುಕೊಡುತ್ತಾಳೆ. ಕ್ಲಿನಿಕ್ಕಿಗೆ ಯಾಕೋ ಈಚೆಗೆ ಜನ ಕಡಿಮೆ. ಊರಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ಕಾಣುತ್ತದೆ. ಡಾಕ್ಟರಿಗೆ ಅದಕ್ಕಿಂತ ಸಂತೋಷವೇನು?

ಕ್ರಿಸ್‌ಮಸ್ಸಿಗೆ ಡರ್ಕ್‌ನನ್ನೂ ಕರೆದುಕೊಂಡು ಬನ್ನಿ. ಮೂವರೂ ಕೂತು ಬಟಾಣಿ ಸೂಪು ಕುಡಿಯೋಣ. ಮೇಜಿನ ಮೇಲೆ ಯಾರದೋ ಒಂದು ಕೋಪದ ಪತ್ರವಿತ್ತು, ನನಗಲ್ಲವೆಂದು ಎತ್ತಿಟ್ಟಿದ್ದೇನೆ. ನನಗೆ ಯಾವ ಚಿಂತೆಯೂ ಇಲ್ಲ, ಯಾವ ಭಯವೂ ಇಲ್ಲ.

ನಿಮ್ಮ ಪ್ರೀತಿಯ,
ಫೋಲ್ಕರ್ಟ್ ವಿಯರ್ಡಾ


ಡೆವೆಂಟರ್, 11 ಡಿಸೆಂಬರ್ 2018

ಫೋಲ್ಕರ್ಟ್,

ಡರ್ಕ್ ಬರುವುದಿಲ್ಲ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ನೀನೇ ಅವನ ಕೈ ಹಿಡಿದಿದ್ದೆ. ಸಿಬ್ರೆನ್ ಕೂಡ ಇಲ್ಲ. ಸೂಪು ತರುವವಳು ಅವನ ಹೆಂಡತಿ, ಬೌಕೆ. ಆ ಕೋಪದ ಪತ್ರ ನಿನ್ನದೇ. ತೆಗೆದು ಮತ್ತೆ ಮೇಜಿನ ಮೇಲಿಡು.

ನಿಂಕೆ, "ಪಾಪ, ಖುಷಿಯಾಗಿದಾರಲ್ಲಮ್ಮ, ಬಿಟ್ಬಿಡು" ಎನ್ನುತ್ತಾಳೆ. ಇಷ್ಟು ದಿನ ಊರೆಲ್ಲ ನಿನ್ನನ್ನು ಹಾಗೇ ಬಿಟ್ಟುಬಿಟ್ಟಿತ್ತು. ನಾನು ಬಿಡುವುದಿಲ್ಲ. ದಿನಕ್ಕೊಂದು ಪತ್ರ ಬರೆಯುತ್ತೇನೆ, ಪ್ರತಿಯೊಂದರಲ್ಲೂ ಇದನ್ನೇ ಬರೆಯುತ್ತೇನೆ. ಬೌಕೆ ನಿನಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅಳುತ್ತಾ ಒಪ್ಪಿಕೊಂಡಿದ್ದಾಳೆ.

ಇದನ್ನು ಕೇಳುವಾಗ ನಿನ್ನ ಕೈ ತಣ್ಣಗಾದರೆ, ಎದೆ ಒಮ್ಮೆ ಬಡಿದರೆ, ಕೂಡಲೇ ಅವಳಿಗೆ ಹೇಳು. ಅವಳು ನಿಂಕೆಗೆ ಫೋನು ಮಾಡುತ್ತಾಳೆ. ನಾನು ಸಿಕ್ಕ ಮೊದಲ ರೈಲು ಹತ್ತುತ್ತೇನೆ.

ಹೆದರಿಕೋ, ನನ್ನಪ್ಪಾ. ಒಂದೇ ಒಂದು ಸಲ ಹೆದರಿಕೋ.

ಹಿಸ್ಕೆ